ಹಳೆಯ ಮರದ ಹಡಗಿನ ಜೀರ್ಣೋದ್ಧಾರ: ದಾಖಲೆ ಇಡುವ ಬಗೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ನೀರಿನ ಮೇಲಿರುವ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರ ಉಸ್ತುವಾರಿಯಲ್ಲಿ, ಮಲಬಾರಿನ ತೇಗದಿಂದ ಕಟ್ಟಲಾದ ಈ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಸುಮಾರು 150 ಅಡಿ ಉದ್ದ, 40 ಅಡಿ ಅಗಲದ ಈ ಹಡಗಿನ ಜೀರ್ಣೋದ್ಧಾರ 1990ರಲ್ಲಿ ಆರಂಭವಾಗಿ 2001ರಲ್ಲಿ ಮುಗಿಯಿತು. ಹನ್ನೊಂದು ವರ್ಷಗಳ ಇಂತಹ ಕೆಲಸದಲ್ಲಿ ಬಡಗಿಗಳು ಬದಲಾಗುತ್ತಾರೆ, ಮೇಲ್ವಿಚಾರಕರು ನಿವೃತ್ತರಾಗುತ್ತಾರೆ. ಮೊದಲ ವರ್ಷ ಬಿಚ್ಚಿದ ಹಲಗೆ ಎಲ್ಲಿತ್ತೆಂಬುದು ಐದನೆಯ ವರ್ಷಕ್ಕೆ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಕೊಳೆತ ಮರವನ್ನು ಕೊಯ್ದು ತೆಗೆದ ಕ್ಷಣದಿಂದ ಆ ಮರದ ಕುರಿತು ಉಳಿಯುವುದು ನಾವು ಬರೆದಿಟ್ಟದ್ದು ಮಾತ್ರ. ಆದ್ದರಿಂದ ದಾಖಲೆಯನ್ನು ಕೆಲಸ ಮುಗಿದ ಮೇಲೆ ಬರೆಯುವ ವರದಿಯೆಂದು ಎಣಿಸದೆ, ಗರಗಸಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದ ಉಪಕರಣವೆಂದು ತಿಳಿಯಬೇಕು.

ಈ ಮಾರ್ಗದರ್ಶಿಯನ್ನು ವಸ್ತುಸಂಗ್ರಹಾಲಯಗಳ ಸಿಬ್ಬಂದಿ, ವಾಸ್ತುಶಿಲ್ಪ ಮತ್ತು ಪುರಾತತ್ತ್ವದ ವಿದ್ಯಾರ್ಥಿಗಳು ಹಾಗೂ ಊರಿನ ಹಳೆಯ ಹಾಯಿಹಡಗೊಂದನ್ನು ಉಳಿಸಿಕೊಳ್ಳಬೇಕೆಂದು ಹೊರಟ ಕರಾವಳಿಯ ಆಸಕ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಡಗು ದೊಡ್ಡದಿರಲಿ, ಸಣ್ಣ ಮಂಜಿಯಾಗಿರಲಿ, ಕ್ರಮ ಒಂದೇ. ಹಾಳೆಗಳ ಸಂಖ್ಯೆ ಮಾತ್ರ ಬೇರೆಯಾಗುತ್ತದೆ.

ಮೊದಲು ಜವಾಬ್ದಾರಿ ಯಾರದೆಂದು ನಿರ್ಧರಿಸಿ

ಎಲ್ಲರೂ ಸೇರಿ ದಾಖಲೆ ಇಡುತ್ತೇವೆ ಎಂದರೆ ಯಾರೂ ಇಡುವುದಿಲ್ಲ. ಈ ಕೆಲಸಕ್ಕೆ ಒಬ್ಬರನ್ನು ಹೆಸರಿಟ್ಟು ನೇಮಿಸಬೇಕು, ಮತ್ತು ಅವರಿಗೆ ಒಂದು ಅಧಿಕಾರವನ್ನು ಕೊಡಲೇಬೇಕು: ಯಾವುದೇ ಮರವನ್ನು ಅಳೆದು ಚಿತ್ರ ತೆಗೆಯುವ ತನಕ ಅದನ್ನು ಕಿತ್ತು ತೆಗೆಯುವುದನ್ನು ತಡೆಹಿಡಿಯುವ ಅಧಿಕಾರ. ಬಡಗಿಗಳಿಗೆ ಇದು ಮೊದಲ ವಾರದಲ್ಲಿ ಕಿರಿಕಿರಿಯಾಗುವುದು ಸಹಜ. ಆದರೆ ಹೊಸ ಹಲಗೆಯ ಬಾಗು ಎಷ್ಟಿರಬೇಕೆಂಬ ಪ್ರಶ್ನೆ ಬಂದಾಗ ಅವರೇ ಹಳೆಯ ಹಲಗೆಯ ಅಳತೆಯ ಹಾಳೆಯನ್ನು ಕೇಳಿಕೊಂಡು ಬರುತ್ತಾರೆ. ದಾಖಲೆಯ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಬೇಕು. ‘ಇತರೆ’ ಎಂಬ ಸಾಲಿನಲ್ಲಿ ಅಡಗಿಸಿದರೆ ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಸ್ಮಾರಕಗಳ ಸಂರಕ್ಷಣೆಗಾಗಿ ನಾನಾ ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದಿನ 16ನೆಯ ಪರಿಚ್ಛೇದವು ಸಂರಕ್ಷಣೆಯ ಪ್ರತಿಯೊಂದು ಹಂತವೂ ರೇಖಾಚಿತ್ರ ಮತ್ತು ಛಾಯಾಚಿತ್ರಗಳೊಂದಿಗೆ ದಾಖಲಾಗಬೇಕು, ಆ ದಾಖಲೆ ಸಾರ್ವಜನಿಕ ಸಂಸ್ಥೆಯ ಸಂಗ್ರಹದಲ್ಲಿ ಸಂಶೋಧಕರಿಗೆ ಸಿಗುವಂತಿರಬೇಕು ಎಂದು ಹೇಳುತ್ತದೆ. ಕಟ್ಟಡಗಳನ್ನು ಕುರಿತು ಹೇಳಿದ ಈ ಮಾತು ಹಡಗುಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಏಕೆಂದರೆ ಕಲ್ಲಿನ ಗೋಡೆಗಿಂತ ಮರದ ಹಡಗಿನಲ್ಲಿ ಬದಲಾಯಿಸಬೇಕಾದ ಭಾಗ ಬಹಳ ಹೆಚ್ಚು.

ಹಡಗಿನ ಹಿಂದಿನ ಕಾಗದಪತ್ರಗಳನ್ನು ಕೂಡಿಸಿ

ಹಡಗಿನ ಮೇಲೆ ಕಾಲಿಡುವ ಮೊದಲು ಅದರ ಬಗ್ಗೆ ಈಗಾಗಲೇ ಏನು ದಾಖಲಾಗಿದೆ ಎಂದು ಹುಡುಕಬೇಕು. ನಕ್ಷೆಗಳು, ಹಿಂದಿನ ದುರಸ್ತಿಯ ಬಿಲ್ಲುಗಳು, ವಿಮಾ ಪತ್ರಗಳು, ಬಂದರು ಕಚೇರಿಯ ನೋಂದಣಿ ಪುಸ್ತಕಗಳು, ಮನೆಗಳಲ್ಲಿರುವ ಹಳೆಯ ಫೋಟೋಗಳು ಎಲ್ಲವೂ ಉಪಯುಕ್ತ. ಇಲ್ಲಿ ಒಂದು ಎಚ್ಚರ ಬೇಕು: ಹಡಗುಗಳ ಹೆಸರು ಬದಲಾಗುತ್ತಿರುತ್ತದೆ. 1897ರಲ್ಲಿ ಟ್ರಿಂಕೋಮಲಿಯನ್ನು ಕೊಂಡ ಜಾರ್ಜ್ ವೀಟ್ಲಿ ಕಾಬ್, ಅದೇ ವರ್ಷ ಬ್ಲ್ಯಾಕ್‌ಪೂಲ್ ಬಳಿ ಒಡೆದುಹೋದ ತನ್ನ ಹಿಂದಿನ ಹಡಗಿನ ನೆನಪಿಗೆ ಇದಕ್ಕೆ ‘ಫೂದ್ರೋಯಾಂ’ ಎಂದು ಹೆಸರಿಟ್ಟ. 1992ರಲ್ಲಿ ಹಳೆಯ ಹೆಸರು ಮರಳುವವರೆಗೆ ಅದು ಆ ಹೆಸರಿನಲ್ಲಿಯೇ ತರಬೇತಿ ಹಡಗಾಗಿ ಪ್ರಸಿದ್ಧವಾಗಿತ್ತು. ಒಂದೇ ಹೆಸರಿನಲ್ಲಿ ಹುಡುಕುವವರಿಗೆ ಸುಮಾರು ಒಂದು ಶತಮಾನದ ದಾಖಲೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಸಾಲದೆಂಬಂತೆ, ಒಡೆದುಹೋದ ಆ ಬೇರೆ ಫೂದ್ರೋಯಾಂನ ಚಿತ್ರಗಳು ಇದರ ಚಿತ್ರಗಳೊಡನೆ ಬೆರೆತುಹೋಗುವ ಅಪಾಯವೂ ಉಂಟು. ಆದ್ದರಿಂದ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಹಡಗಿನ ಎಲ್ಲ ಹೆಸರುಗಳನ್ನೂ ಅವು ಚಾಲ್ತಿಯಲ್ಲಿದ್ದ ವರ್ಷಗಳೊಂದಿಗೆ ಬರೆಯಿರಿ.

ಕಾಗದದಲ್ಲಿ ಸಿಗದ ಸಂಗತಿಗಳೂ ಇರುತ್ತವೆ. ಟ್ರಿಂಕೋಮಲಿಯ ಅಡಿಮರವಾದ ಕೀಲನ್ನು ಇರಿಸಿದಾಗ, ಪಾರ್ಸಿ ಸಂಪ್ರದಾಯದಂತೆ ಅಕ್ಷರ ಕೆತ್ತಿದ ಬೆಳ್ಳಿಯ ಮೊಳೆಯೊಂದನ್ನು ಅದಕ್ಕೆ ಹೊಡೆಯಲಾಯಿತು. ಹಡಗಿನ ಕ್ಷೇಮಕ್ಕೆ ಅದು ಅತ್ಯಗತ್ಯವೆಂದು ಕಟ್ಟಿದವರು ನಂಬಿದ್ದರು. ಯಾವ ಎಂಜಿನಿಯರನ ನಕ್ಷೆಯೂ ಇಂತಹ ಮೊಳೆಯನ್ನು ತೋರಿಸುವುದಿಲ್ಲ. ಕಟ್ಟಿದವರ, ನಡೆಸಿದವರ ಮನೆಯವರನ್ನು ಕೇಳಿ ತಿಳಿದದ್ದನ್ನು ಕೂಡ ಮೂಲ ದಾಖಲೆಯೆಂದೇ ಪರಿಗಣಿಸಿ, ಹೇಳಿದವರ ಒಪ್ಪಿಗೆ ಪಡೆದು, ದಿನಾಂಕ ಹಾಕಿ ಇಡಬೇಕು.

ಆಕಾರವನ್ನು ಅಳೆಯಿರಿ, ಎರಡೆರಡು ಬಾರಿ

ಮರದ ಹಡಗು ನಿಶ್ಚಲ ವಸ್ತುವಲ್ಲ. ನೀರಿನಲ್ಲಿರುವಾಗ ನಡುಭಾಗವನ್ನು ನೀರು ಎತ್ತಿ ಹಿಡಿಯುತ್ತದೆ. ಮೊನಚಾದ ಮುಂತುದಿ ಮತ್ತು ಹಿಂತುದಿಗಳಿಗೆ ಆ ಆಧಾರ ಕಡಿಮೆ. ದಶಕಗಳು ಕಳೆದಂತೆ ಎರಡೂ ತುದಿಗಳು ಇಳಿದು ಹಡಗಿನ ಬೆನ್ನು ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ. ಅದನ್ನು ಒಣ ಹಡಗುಕಟ್ಟೆಗೆ ತಂದು ದಿಮ್ಮಿಗಳ ಮೇಲೆ ಕೂರಿಸಿದಾಗ ಆಕಾರ ಮತ್ತೆ ಬದಲಾಗುತ್ತದೆ. ಆದ್ದರಿಂದ ನೀರಿನಲ್ಲಿರುವಾಗ ಒಮ್ಮೆ, ಮೇಲಕ್ಕೆ ತಂದು ಕೂರಿಸಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಎರಡನೆಯದನ್ನು ಮಾತ್ರ ಅಳೆದು ಅದೇ ಮೂಲ ಆಕಾರವೆಂದು ನಂಬಿದರೆ ಮುಂದಿನ ಪ್ರತಿಯೊಂದು ಹಲಗೆಯೂ ಆ ತಪ್ಪಿಗೆ ಹೊಂದಿಕೊಂಡೇ ಕೂರುತ್ತದೆ. ಬಾಸ್ಟನ್ನಿನಲ್ಲಿರುವ, 1797ರಲ್ಲಿ ನೀರಿಗಿಳಿದ ‘ಕಾನ್‌ಸ್ಟಿಟ್ಯೂಷನ್’ ಹಡಗನ್ನು 1992ರಿಂದ 1995ರವರೆಗೆ ದುರಸ್ತಿ ಮಾಡಿದಾಗ ಇಂತಹ ಬಾಗನ್ನು ಸರಿಪಡಿಸುವುದು ಮುಖ್ಯ ಉದ್ದೇಶವಾಗಿತ್ತು. ಮೂಲ ವಿನ್ಯಾಸದಲ್ಲಿದ್ದು ನಡುವೆ ಇಲ್ಲವಾಗಿದ್ದ ಓರೆ ತೊಲೆಗಳನ್ನು ಆಗ ಹಡಗಿನ ಒಳಗೆ ಮತ್ತೆ ಕೂರಿಸಿದರು. ಮೂಲ ವಿನ್ಯಾಸದ ಬರಹ ಉಳಿಯದೆ ಹೋಗಿದ್ದರೆ ಆ ತೊಲೆಗಳು ಇದ್ದವೆಂಬ ವಿಷಯವೇ ಮರೆತುಹೋಗುತ್ತಿತ್ತು.

ಅಳತೆಗೆ ಮೊದಲು ಒಂದು ಆಧಾರರೇಖೆ ಬೇಕು. ಹಡಗಿನ ಉದ್ದಕ್ಕೂ ನಡುಮಧ್ಯದಲ್ಲಿ ಬಿಗಿಯಾಗಿ ತಂತಿ ಎಳೆದು, ಸಮಾನ ಅಂತರದಲ್ಲಿ ಗುರುತು ಹಾಕಿ, ಪ್ರತಿ ಗುರುತಿನಲ್ಲಿ ತೂಗುಗುಂಡು ಇಳಿಬಿಟ್ಟು ಅಗಲ ಮತ್ತು ಎತ್ತರಗಳನ್ನು ತೆಗೆದುಕೊಳ್ಳಿ. ಮಟ್ಟ ನೋಡಲು ನಮ್ಮ ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಗಿಂತ ಅಗ್ಗದ, ನಂಬಲರ್ಹ ಸಾಧನ ಇನ್ನೊಂದಿಲ್ಲ. ಕೊಳವೆಯೊಳಗೆ ಗಾಳಿಗುಳ್ಳೆ ಇಲ್ಲವೆಂದು ಖಚಿತ ಮಾಡಿಕೊಂಡರೆ ಸಾಕು. ಹಡಗು ತೇಲುತ್ತಿದ್ದಾಗ ಮಾತ್ರ ಈ ಕೊಳವೆಯೂ ತೂಗುಗುಂಡೂ ಹಡಗಿನೊಡನೆ ಅಲುಗಾಡುತ್ತವೆ. ಆಗ ಹಡಗಿಗೇ ಕಟ್ಟಿದ ತಂತಿಯಿಂದ ಅಟ್ಟಕ್ಕಿರುವ (ಹಡಗಿನ ಮೇಲ್ಹಾಸು, ಡೆಕ್) ಅಂತರವನ್ನು ಅಳೆಯುವುದು ಸರಿಯಾದ ವಿಧಾನ.

ಹಣವಿದ್ದರೆ ಲೇಸರ್ ಸ್ಕ್ಯಾನರ್ ಬಾಡಿಗೆಗೆ ತರಬಹುದು. ಇಲ್ಲದಿದ್ದರೆ ಸಾಧಾರಣ ಕ್ಯಾಮೆರಾದಿಂದ, ಪ್ರತಿಯೊಂದು ಚಿತ್ರವೂ ಹಿಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಳಗೊಳ್ಳುವಂತೆ ಸಾಲಾಗಿ ತೆಗೆದು, ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯನ್ನು ಕಟ್ಟಬಹುದು. ಚಿತ್ರದೊಳಗೆ ಉದ್ದ ತಿಳಿದ ಅಳತೆಪಟ್ಟಿಗಳು ಕಾಣುವಂತೆ ಇಡದಿದ್ದರೆ ಆ ಮಾದರಿ ನೋಡಲು ಚೆಂದ, ಅಳತೆಗೆ ನಿರುಪಯುಕ್ತ. ಸ್ಕ್ಯಾನ್ ಮಾಡಿದ್ದೇವೆ, ಇನ್ನು ಕೈಯಿಂದ ಚಿತ್ರ ಬರೆಯಬೇಕಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸ್ಕ್ಯಾನರ್ ಮೇಲ್ಮೈಯನ್ನು ಕಾಣುತ್ತದೆ. ಎರಡು ಹಲಗೆಗಳ ನಡುವಿನ ಜೋಡಣೆ ಹೇಗಿದೆಯೆಂದು ಅದಕ್ಕೆ ತಿಳಿಯದು. ಪೆನ್ಸಿಲ್ ಹಿಡಿದು ಬರೆಯುವವನು ಪ್ರತಿ ಗೆರೆಯನ್ನೂ ಅರ್ಥಮಾಡಿಕೊಂಡೇ ಎಳೆಯಬೇಕಾಗುತ್ತದೆ.

ಕೆಲವು ಅಳತೆಯ ಬಿಂದುಗಳನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದು ಒಳ್ಳೆಯದು. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲ್ಪಟ್ಟ ಸ್ವೀಡನ್ನಿನ ‘ವಾಸಾ’ ಹಡಗಿನ ಮೈಮೇಲೆ ಇಂತಹ ನೂರಾರು ಬಿಂದುಗಳಿವೆ. ಅವುಗಳನ್ನು ನಿಯಮಿತವಾಗಿ ಅಳೆಯುವುದರಿಂದಲೇ ಆ ಹಡಗು ವಸ್ತುಸಂಗ್ರಹಾಲಯದೊಳಗೆ ನಿಂತಲ್ಲಿಯೇ ಬಹಳ ನಿಧಾನವಾಗಿ ಕುಸಿಯುತ್ತಿದೆ ಎಂಬುದು ತಿಳಿದುಬಂದಿದೆ.

ಪ್ರತಿ ಮರಕ್ಕೂ ಒಂದು ಸಂಖ್ಯೆ

ದಾಖಲೆಯ ಜೀವಾಳ ಇರುವುದು ಸಂಖ್ಯೆ ಕೊಡುವ ಕ್ರಮದಲ್ಲಿ. ಪಕ್ಕೆಲುಬಿನಂತೆ ನಿಂತ ದಿಮ್ಮಿಗಳನ್ನು ಮುಂತುದಿಯಿಂದ ಹಿಂತುದಿಗೆ, ಹೊರಮೈ ಹಲಗೆಗಳನ್ನು ಅಡಿಮರದಿಂದ ಮೇಲಕ್ಕೆ ಎಣಿಸುವುದು ಅನುಕೂಲಕರ. ಎಡಬದಿ, ಬಲಬದಿಗಳಿಗೆ ಒಂದೊಂದು ಅಕ್ಷರ ಇಟ್ಟುಕೊಳ್ಳಿ. ಹಡಗಿನಲ್ಲಿ ಎಡವೆಂದರೆ ಮುಂದಕ್ಕೆ ಮುಖಮಾಡಿ ನಿಂತವರ ಎಡ ಎಂಬುದನ್ನು ಎಲ್ಲರಿಗೂ ಮನವರಿಕೆ ಮಾಡಿಸಿ. ಹೀಗೆ ‘ಬ-ಹ-6-3’ ಎಂದರೆ ಬಲಬದಿಯ ಹೊರಹಲಗೆಗಳ ಆರನೆಯ ಸಾಲಿನಲ್ಲಿ ಮುಂದಿನಿಂದ ಮೂರನೆಯ ತುಂಡು ಎಂದಾಗುತ್ತದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಯಾವ ಕಾರಣಕ್ಕೂ ಇನ್ನೊಂದು ಮರಕ್ಕೆ ಕೊಡಬಾರದು. ಆ ಮರವನ್ನು ಎಸೆದರೂ ಸಂಖ್ಯೆ ಅದರದೇ. ಅದರ ಜಾಗಕ್ಕೆ ಬಂದ ಹೊಸ ಹಲಗೆಗೆ ಅದೇ ಸಂಖ್ಯೆಯ ಮುಂದೆ ಅಳವಡಿಸಿದ ವರ್ಷವನ್ನು ಸೇರಿಸಿ.

ಚೀಟಿಯ ವಿಷಯ ಸಣ್ಣದೆಂದು ಕಂಡರೂ ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲಿಯೇ. ಸೀಮೆಸುಣ್ಣ ಒಂದೇ ಮಳೆಗೆ ಅಳಿಸಿಹೋಗುತ್ತದೆ, ಕಾಗದ ಕೊಳೆಯುತ್ತದೆ, ಕಬ್ಬಿಣದ ಬಿಲ್ಲೆ ತುಕ್ಕು ಹಿಡಿದು ಓಕ್‌ನಂತಹ ಮರದ ಮೇಲೆ ಕಪ್ಪು ಕಲೆ ಮಾಡುತ್ತದೆ. ಅಕ್ಷರ ಕೊರೆದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ದಪ್ಪ ಪ್ಲಾಸ್ಟಿಕ್ ಬಿಲ್ಲೆಯನ್ನು ತುಕ್ಕು ಹಿಡಿಯದ ಸಣ್ಣ ಮೊಳೆಯಿಂದ ಮರದ ಒಳಮೈಗೆ ಹೊಡೆಯುವುದು ಲೇಸು. ಉದ್ದನೆಯ ಹಲಗೆಯನ್ನು ಸಾಗಿಸುವಾಗ ಎರಡು ತುಂಡು ಮಾಡಬೇಕಾಗಿ ಬಂದರೆ, ಕೊಯ್ಯುವ ಮೊದಲೇ ಎರಡೂ ತುದಿಗೆ ಬಿಲ್ಲೆ ಹಾಕಿರಬೇಕು.

ಬಿಚ್ಚುವ ದಿನದ ಕೆಲಸ

ಹಲಗೆ ಬಿಚ್ಚುವ ಮೊದಲು, ಬಿಚ್ಚುತ್ತಿರುವಾಗ, ಬಿಚ್ಚಿದ ಮೇಲೆ ಒಂದೇ ಜಾಗದಿಂದ ಮೂರು ಚಿತ್ರಗಳನ್ನು ತೆಗೆಯಬೇಕು. ಪ್ರತಿ ಚಿತ್ರದಲ್ಲಿಯೂ ಮರದ ಸಂಖ್ಯೆ, ದಿನಾಂಕ, ಅಳತೆಪಟ್ಟಿ ಮತ್ತು ಮುಂತುದಿ ಯಾವ ಕಡೆಗಿದೆ ಎಂದು ತೋರಿಸುವ ಬಾಣದ ಗುರುತು ಇರಲಿ. ಬಾಣದ ಗುರುತಿಲ್ಲದ ಚಿತ್ರಗಳು ಎರಡು ವರ್ಷಗಳ ನಂತರ ಎಷ್ಟು ತಲೆನೋವು ತರುತ್ತವೆಂಬುದನ್ನು ಅನುಭವಿಸಿದವರೇ ಬಲ್ಲರು. ಸಾಮಾನ್ಯ ಬೆಳಕಿನಲ್ಲಿ ಒಂದು ಚಿತ್ರ ತೆಗೆದ ಮೇಲೆ, ದೀಪವನ್ನು ಮರದ ಮೇಲ್ಮೈಗೆ ತೀರ ಓರೆಯಾಗಿ ಹಿಡಿದು ಇನ್ನೊಂದನ್ನು ತೆಗೆಯಿರಿ. ಬಾಚಿಯ ಏಟು, ಗರಗಸದ ಹಲ್ಲಿನ ಗೆರೆ, ಬಡಗಿ ಉಳಿಯಿಂದ ಕೊರೆದ ಗುರುತುಗಳು ಆ ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತವೆ. ಕೈಗರಗಸದ ಗೆರೆ ನೇರವಾಗಿರುತ್ತದೆ, ಯಂತ್ರದ ವೃತ್ತ ಗರಗಸದ ಗೆರೆ ಬಾಗಿರುತ್ತದೆ; ಒಂದು ಹಲಗೆ ಮೂಲದ್ದೋ ನಂತರದ ದುರಸ್ತಿಯದೋ ಎಂಬ ಪ್ರಶ್ನೆಗೆ ಎಷ್ಟೋ ಸಲ ಇಷ್ಟರಿಂದಲೇ ಸುಳಿವು ಸಿಗುತ್ತದೆ.

ಆಮೇಲೆ ಮರದ ಹಾಳೆಯನ್ನು ತುಂಬಬೇಕು. ಒಂದು ಮರಕ್ಕೆ ಒಂದು ಹಾಳೆ. ಜಾತಿ, ಉದ್ದ, ಅಗಲ, ದಪ್ಪ, ತೇವಾಂಶ ಇವು ಯಾರಿಗೂ ಹೊಳೆಯುವ ಅಂಶಗಳು. ಅಷ್ಟೇ ಮುಖ್ಯವಾದದ್ದು ಮರವನ್ನು ಹಿಡಿದಿಟ್ಟಿದ್ದ ಮೊಳೆಗಳ ವಿವರ: ಅವು ಕಬ್ಬಿಣದ್ದೋ, ತಾಮ್ರದ್ದೋ, ಮರದ ಗೂಟಗಳೋ, ಒಂದೇ ಜಾಗದಲ್ಲಿ ಎಷ್ಟು ತೂತುಗಳಿವೆ ಎಂಬುದು. ದಿಮ್ಮಿಯಲ್ಲಿ ಒಂದೇ ಹಲಗೆಯ ಜಾಗಕ್ಕೆ ಮೂರು ಜೊತೆ ತೂತುಗಳಿದ್ದರೆ, ಆ ಹಲಗೆಯನ್ನು ಹಿಂದೆ ಎರಡು ಬಾರಿಯಾದರೂ ಬದಲಾಯಿಸಿರುವ ಸಂಭವವಿದೆ. ಕೊಳೆತದ್ದು ಎಲ್ಲಿಂದ ಶುರುವಾಗಿದೆ ಎಂದು ಬರೆಯುವುದನ್ನು ಮರೆಯಬಾರದು. ಅಟ್ಟದ ಸಂದಿಯಿಂದ ಇಳಿದ ಮಳೆನೀರಿನಿಂದ ಮರ ಲಡ್ಡಾಗಿದ್ದರೆ, ಆ ಸೋರಿಕೆಯನ್ನು ನಿಲ್ಲಿಸದೆ ಹೊಸ ಮರ ಹಾಕುವುದು ವ್ಯರ್ಥ. ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಮರದ ಹಡಗಿಗೆ ದೊಡ್ಡ ಶತ್ರು.

ಹಾಳೆಯ ಕೊನೆಯಲ್ಲಿ ಒಂದು ಖಾನೆಯನ್ನು ದೊಡ್ಡದಾಗಿ ಬಿಡಿ: ಏನು ತೀರ್ಮಾನಿಸಲಾಯಿತು, ಏಕೆ, ಯಾರು. ‘ಬದಲಾಯಿಸಲಾಗಿದೆ’ ಎಂಬ ಒಂದೇ ಪದ ಸಾಲದು. ‘ಹಿಂತುದಿಯ ನಾಲ್ಕು ಅಡಿ ಪೂರ್ತಿ ಕೊಳೆತಿದೆ, ಉಳಿದದ್ದು ಗಟ್ಟಿ, ಗಟ್ಟಿಯಾದದ್ದನ್ನು ಉಳಿಸಿಕೊಂಡು ಓರೆ ಜೋಡಣೆಯಿಂದ ಹೊಸ ತೇಗವನ್ನು ಸೇರಿಸಿದೆ, ಪೂರ್ತಿ ತೆಗೆಯಬೇಕೆಂಬ ಸಲಹೆಯೂ ಬಂದಿತ್ತು’ ಎಂದು ಬರೆದರೆ, ಐವತ್ತು ವರ್ಷಗಳ ನಂತರ ಅದೇ ಜೋಡಣೆಯ ಎದುರು ನಿಲ್ಲುವವರು ನಮ್ಮೊಡನೆ ಕುಳಿತು ಯೋಚಿಸಿದಂತಾಗುತ್ತದೆ. ತಪ್ಪಾದ ನಿರ್ಧಾರಗಳನ್ನೂ ಬರೆಯಬೇಕು. 1961ರ ನಂತರ ವಾಸಾ ಹಡಗಿಗೆ ಹಾಕಿದ ಬೋಲ್ಟುಗಳು ತುಕ್ಕು ಹಿಡಿದು, ಕಬ್ಬಿಣದ ಅಂಶ ಮರಕ್ಕೆ ಇಳಿದು ಹಾನಿ ಮಾಡುತ್ತಿದ್ದುದರಿಂದ, 2011ರಿಂದ 2018ರವರೆಗೆ 5,000ಕ್ಕೂ ಹೆಚ್ಚು ಬೋಲ್ಟುಗಳನ್ನು ಉತ್ತಮ ಸ್ಟೇನ್‌ಲೆಸ್ ಸ್ಟೀಲಿನವುಗಳಿಂದ ಬದಲಾಯಿಸಬೇಕಾಯಿತು. ಸದುದ್ದೇಶದ ದುರಸ್ತಿಯೇ ಮುಂದೆ ದುರಸ್ತಿಗೆ ಕಾರಣವಾಗಬಹುದು. ಆಗ ಅದನ್ನು ಬಿಚ್ಚುವವರಿಗೆ ನಮ್ಮ ಹಾಳೆ ಸಿಗಬೇಕು.

ಯಾವ ಕಾಲದ ಹಡಗು?

ಇದು ದಾಖಲೆಯಲ್ಲಿ ಅತಿ ಸೂಕ್ಷ್ಮವಾದ ಭಾಗ. ಟ್ರಿಂಕೋಮಲಿ 1817ರಲ್ಲಿ ಕಟ್ಟಿದ ಯುದ್ಧನೌಕೆ. ಆದರೆ 1840ರ ದಶಕದಲ್ಲಿ ಅದರ ತೋಪುಗಳ ಸಂಖ್ಯೆಯನ್ನು ಇಳಿಸಿ, ಮುಂಭಾಗ ಹಿಂಭಾಗಗಳ ಆಕಾರವನ್ನು ಬದಲಾಯಿಸಿ ಬೇರೆ ವರ್ಗಕ್ಕೆ ಸೇರಿಸಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಸಾವಿರಾರು ಹುಡುಗ ಹುಡುಗಿಯರು ಅದರ ಮೇಲೆ ತರಬೇತಿ ಪಡೆದರು. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು? ಪ್ರತಿ ಹಡಗಿಗೂ ಉತ್ತರ ಬೇರೆ. ಆದರೆ ತೆಗೆದುಹಾಕುವ ಪದರವನ್ನು ಉಳಿಸಿಕೊಳ್ಳುವ ಪದರದಷ್ಟೇ ಶ್ರದ್ಧೆಯಿಂದ ದಾಖಲಿಸಬೇಕೆಂಬುದರಲ್ಲಿ ರಾಜಿ ಇರಬಾರದು. ತರಬೇತಿಯ ಕಾಲದ ತೆಳು ಹಲಗೆಯ ಗೋಡೆ, ಅದರ ಮೇಲೆ ಯಾವನೋ ಹುಡುಗ ಕೆತ್ತಿದ ಹೆಸರು ಇವೆಲ್ಲ ಆ ಹಡಗಿನ ಚರಿತ್ರೆಯೇ.

ಬಣ್ಣದ ವಿಷಯದಲ್ಲಿ ಇದು ಹೆಚ್ಚು ಅನ್ವಯಿಸುತ್ತದೆ. ಹಳೆಯ ಹಡಗಿನ ಒಳಗೋಡೆಯಲ್ಲಿ ಹತ್ತಾರು ಪದರ ಬಣ್ಣ ಇರುತ್ತದೆ. ಕೆರೆಯುವ ಮೊದಲು ಎಲ್ಲ ಪದರಗಳೂ ಸೇರಿರುವ ಬೆರಳುಗುರಿನಷ್ಟು ಚೂರನ್ನು ಚೂಪಾದ ಚಾಕುವಿನಿಂದ ತೆಗೆದು, ಪಾರದರ್ಶಕ ರಾಳದಲ್ಲಿ ಹುದುಗಿಸಿ, ಅಡ್ಡಕ್ಕೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರಗಳು ಮಣ್ಣಿನ ಸ್ತರಗಳಂತೆ ಕಾಣುತ್ತವೆ. ಒಂದೆರಡು ಜಾಗಗಳಲ್ಲಿ ಅಂಗೈ ಅಗಲದಷ್ಟು ಹಳೆಯ ಬಣ್ಣವನ್ನು ಮುಟ್ಟದೆ ಬಿಡಿ. ಹಾಗೆಯೇ ಹಲಗೆಗಳ ಸಂದಿಯಲ್ಲಿ ತುರುಕಿದ ನಾರು, ಅದರ ಮೇಲೆ ಬಳಿದ ಡಾಂಬರು ಅಥವಾ ರಾಳ, ಮೊಳೆಯ ಲೋಹ, ಮರದ ತುಂಡು ಇವುಗಳ ಮಾದರಿಗಳನ್ನು ಸಂಖ್ಯೆ ಹಾಕಿದ ಡಬ್ಬಿಗಳಲ್ಲಿ ಇಡಬೇಕು. ತೇಗ ಉಷ್ಣವಲಯದ ಮರವಾದರೂ ಅದರಲ್ಲಿ ವರ್ಷದ ಬಳೆಗಳು ಸ್ಪಷ್ಟವಾಗಿರುತ್ತವೆ; ತೊಗಟೆಯ ಬದಿಯವರೆಗೂ ಉಳಿದಿರುವ ತುಂಡು ಸಿಕ್ಕರೆ ಅದು ಬಹಳ ಬೆಲೆಬಾಳುವ ಮಾದರಿ.

ಬಡಗಿಯ ಕೈ ಮತ್ತು ಬಾಯಿ

ಕೇರಳದ ಬೇಪೂರಿನಲ್ಲಿ ಉರು ಕಟ್ಟುವವರು ಕಾಗದದ ನಕ್ಷೆಯಿಲ್ಲದೆ, ಹಿರಿಯ ಮೇಸ್ತ್ರಿಯ ಕಣ್ಣಳತೆ ಮತ್ತು ಮನಸ್ಸಿನ ಲೆಕ್ಕಾಚಾರದಿಂದಲೇ ದೊಡ್ಡ ಹಡಗುಗಳನ್ನು ಕಟ್ಟುತ್ತ ಬಂದವರೆಂಬುದು ಪ್ರಸಿದ್ಧ. ಇಂತಹ ಪರಂಪರೆಯ ಹಡಗನ್ನು ದುರಸ್ತಿ ಮಾಡುವಾಗ ಮರದಷ್ಟೇ ಮುಖ್ಯವಾದ ದಾಖಲೆ ಬಡಗಿಯ ಜ್ಞಾನ. ಕ್ಯಾಮೆರಾವನ್ನು ಅವರ ಮುಖದ ಮೇಲಲ್ಲ, ಕೈಯ ಮೇಲೆ ಇಡಿ. ಹಲಗೆಯನ್ನು ಹೇಗೆ ಬಾಗಿಸುತ್ತಾರೆ, ಉಳಿಯನ್ನು ಯಾವ ಕೋನದಲ್ಲಿ ಹಿಡಿಯುತ್ತಾರೆ, ಸಂದಿಗೆ ನಾರು ಹೊಡೆಯುವಾಗ ಸಾಕೆಂದು ಹೇಗೆ ತಿಳಿಯುತ್ತದೆ ಎಂದು ಕೆಲಸದ ನಡುವೆಯೇ ಕೇಳಿ. ಅನೇಕರು ಕೊಡತಿಯ ಏಟಿನ ಸದ್ದು ಬದಲಾಗುವುದರಿಂದ ಎನ್ನುತ್ತಾರೆ. ಹಾಗಿದ್ದರೆ ಆ ಸದ್ದೂ ದಾಖಲಾಗಬೇಕು. ಭಾಗಗಳ ಹೆಸರನ್ನು ಅವರ ಬಾಯಿಯಲ್ಲಿ ಬರುವಂತೆಯೇ, ತುಳುವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ, ಬರೆದುಕೊಳ್ಳಿ. ನಿಘಂಟಿನ ಪದವನ್ನು ಪಕ್ಕದಲ್ಲಿ ಬೇಕಾದರೆ ಸೇರಿಸಬಹುದು, ಅದರ ಬದಲಿಗೆ ಅಲ್ಲ.

1936-37ರಲ್ಲಿ ಅಮೆರಿಕ ಸರ್ಕಾರ, ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಹಡಗು ವಿನ್ಯಾಸಕಾರರನ್ನು ನೇಮಿಸಿ, ತನ್ನ ಕರಾವಳಿಯುದ್ದಕ್ಕೂ ಹಳೆಯ ವ್ಯಾಪಾರಿ ಹಡಗುಗಳ ನಕ್ಷೆ ಬರೆಸಿತು. ಆ ನಕ್ಷೆಗಳು ಇಂದು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ. ಅವುಗಳಲ್ಲಿರುವ ಅನೇಕ ಹಡಗುಗಳು ಈಗಿಲ್ಲ. ನಮ್ಮ ಮಂಜಿ, ಪತ್ತೇಮಾರಿಗಳಿಗೂ ಅಂತಹದ್ದೊಂದು ಸಮೀಕ್ಷೆ ಆಗಬೇಕೆಂಬುದು ನನ್ನ ಬಹುದಿನದ ಆಸೆ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ

ಟ್ರಿಂಕೋಮಲಿಯ ನಕ್ಷೆಗಳನ್ನು ಇಂಗ್ಲೆಂಡಿನಿಂದ ಮುಂಬಯಿಗೆ ಮೊದಲು ‘ಜಾವಾ’ ಎಂಬ ಹಡಗಿನಲ್ಲಿ ಕಳಿಸಿದ್ದರು. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯ ಬಳಿ, ಮೇಲೆ ಹೇಳಿದ ಅದೇ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಸೋಲಿಸಿ ಸುಟ್ಟಿತು, ನಕ್ಷೆಗಳು ಕೈತಪ್ಪಿದವು. ಇನ್ನೊಂದು ಪ್ರತಿಯನ್ನು ಕಳಿಸಲು ಸಾಧ್ಯವಾದದ್ದರಿಂದ ಹಡಗು ಕಟ್ಟಲು ಆಯಿತು. ಪ್ರತಿಗಳನ್ನು ಇಡುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಡಿಮೆಯೆಂದರೆ ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದು ಪ್ರತಿಯಾದರೂ ಬೇರೆ ಊರಿನಲ್ಲಿರಲಿ. ಹಡಗಿನ ಪಕ್ಕದ ಶೆಡ್ಡಿನಲ್ಲಿ ಎಲ್ಲವನ್ನೂ ಇಡುವುದು ಅಪಾಯ: 2007ರ ಮೇ 21ರಂದು ಲಂಡನ್ನಿನ ಗ್ರೀನಿಚ್‌ನಲ್ಲಿ ‘ಕಟಿ ಸಾರ್ಕ್’ ಹಡಗಿಗೆ ಜೀರ್ಣೋದ್ಧಾರದ ನಡುವೆಯೇ ಬೆಂಕಿ ಬಿದ್ದಾಗ, ಬಿಚ್ಚಿ ಬೇರೆಡೆ ಇಟ್ಟಿದ್ದ ಕೂವೆಕಂಬಗಳು ಮತ್ತು ಬಹಳಷ್ಟು ಹಲಗೆಗಳು ಉಳಿದುಕೊಂಡವು.

ಚಿತ್ರಗಳನ್ನು ಮೊಬೈಲಿನ ಸಂದೇಶ ಗುಂಪುಗಳಲ್ಲಿ ಹಂಚಿಕೊಂಡು ಅದನ್ನೇ ಸಂಗ್ರಹವೆಂದುಕೊಳ್ಳಬೇಡಿ. ಅಲ್ಲಿ ಚಿತ್ರದ ಗುಣಮಟ್ಟವೂ ದಿನಾಂಕದ ಮಾಹಿತಿಯೂ ಕಳೆದುಹೋಗುತ್ತವೆ. ಮೂಲ ಕಡತವನ್ನು ಹಾಗೆಯೇ ಇಟ್ಟು, ಅದರ ಹೆಸರಿನಲ್ಲಿ ದಿನಾಂಕ ಮತ್ತು ಮರದ ಸಂಖ್ಯೆ ಬರುವಂತೆ ಮಾಡಿ. ಮರದ ಹಾಳೆಗಳನ್ನು ಮಾತ್ರ ಕಂಪ್ಯೂಟರನ್ನೇ ನಂಬಿ ಬಿಡದೆ, ಆಮ್ಲರಹಿತ ಕಾಗದದ ಮೇಲೆ ಮುದ್ರಿಸಿ ರಟ್ಟು ಕಟ್ಟಿಸಿ. ಒಂದು ಪೂರ್ಣ ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಒಪ್ಪಿಸಿ ಸ್ವೀಕೃತಿ ಪತ್ರ ಪಡೆಯಿರಿ.

ಹಡಗು ಮತ್ತೆ ನೀರಿಗಿಳಿದ ದಿನ ಸಂಭ್ರಮವಿರುತ್ತದೆ, ಅದರ ಚಿತ್ರಗಳನ್ನು ಎಲ್ಲರೂ ತೆಗೆಯುತ್ತಾರೆ. ದಾಖಲೆ ಇಡುವವರಿಗೆ ಆ ದಿನದ ಕೆಲಸ ಬೇರೆ. ಒಣಗಿದ್ದ ಹಲಗೆಗಳು ನೀರು ಕುಡಿದು ಉಬ್ಬುವ ಮೊದಲ ಕೆಲವು ದಿನ ಎಲ್ಲೆಲ್ಲಿ ನೀರು ಒಳಬರುತ್ತಿದೆ, ಗಂಟೆಗೆ ಎಷ್ಟು ಹೊತ್ತು ಪಂಪು ಓಡಬೇಕಾಯಿತು ಎಂದು ಬರೆದುಕೊಳ್ಳಬೇಕು. ಆಮೇಲೆ ಅದೇ ನಡುಮಧ್ಯದ ತಂತಿಯನ್ನು ಮತ್ತೆ ಎಳೆದು, ಮೊದಲು ಗುರುತಿಸಿದ್ದ ಬಿಂದುಗಳಲ್ಲಿಯೇ ಒಂದು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಅಳೆದು, ಹೊಸ ಅಂಕಿಗಳನ್ನು ಹಳೆಯ ಅಂಕಿಗಳ ಪಕ್ಕದ ಖಾನೆಯಲ್ಲಿ ತುಂಬುತ್ತ ಹೋಗಬೇಕು.